ಹೆಬ್ಬೆರಳಿಗೆ ಓಗೊಡುವ ಹೋರಿ

ಅಜ್ಜಂಪುರದ ಈ ಮನೆಯ ಅಂಗಳದ ತುಂಬ ಈರುಳ್ಳಿ ಹರವಿದ್ದಾರೆ. ಕಾಲಿಡಲು ಜಾಗ ನೋಡಿಕೊಂಡು, ಸಿಪ್ಪೆ ಚರಗುಟ್ಟದ ಹಾಗೆ ನಡೆದು ಪಡಸಾಲೆಗೆ ಬನ್ನಿ. ದೀಪಾವಳಿ ಹತ್ತಿರ ಬಂದಿದೆ. ಅಡುಗೆಮನೆಯಿಂದ ಕಾದ ಎಣ್ಣೆಯ ವಾಸನೆ, ಹಿತ್ತಿಲಿನಿಂದ ಸಗಣಿ ಮತ್ತು ಹಸಿಹುಲ್ಲಿನ ವಾಸನೆ, ಆಚೆಯಿಂದ ಹುಬ್ಬಳ್ಳಿ ಕಡೆಗೆ ಹೊರಟ ರೈಲಿನ ಕೂಗು. ಇವೆಲ್ಲದರ ನಡುವೆ ಮಣೆಯ ಮೇಲೊಂದು ಹಳೆಯ ಲ್ಯಾಪ್‌ಟಾಪ್, ಅದರ ಮುಂದೆ ಮೂರು ಎಳೆಯ ತಲೆಗಳು, ಹಿಂದೆ ಗೋಡೆಗೊರಗಿ ಕೂತ ಅಜ್ಜ. ನಾವೂ ಸದ್ದಿಲ್ಲದೆ ಕೂರೋಣ.

ಪರದೆಯ ಮೇಲೆ ಬೂದುಬಣ್ಣದ ಹೋರಿಯೊಂದು ನಿಂತಿದೆ. ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು ನೋಡಿದರೆ ಈ ಸೀಮೆಯವರಿಗೆ ಹೆಸರು ಹೇಳಬೇಕಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದ, ಅರಮನೆಯ ದನ ಸಾಕುವ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ; ಅಲ್ಲಿನ ತಳಿಗೂ ಅದೇ ಹೆಸರು ನಿಂತಿತು. ಆ ತಳಿಯ ಸಂವರ್ಧನಾ ಕೇಂದ್ರ ಇರುವುದು ಇದೇ ಊರಲ್ಲಿ. ರಜೆಗೆ ಬಂದ ಇಂಜಿನಿಯರಿಂಗ್ ಹುಡುಗಿ, ಆಟ ಕಟ್ಟುವ ಸಲಕರಣೆಯಾದ ಪೈಗೇಮ್‌ನಲ್ಲಿ ಸಣ್ಣದೊಂದು ಆಟ ಬರೆಯುತ್ತಿದ್ದಾಳೆ. ದನ ಮೇಯುವ ಕಾವಲಿನಲ್ಲಿ ಹೋರಿ ಓಡಬೇಕು, ಅಡ್ಡ ಬಂದ ಕಲ್ಲುಗಳನ್ನು ಹಾರಬೇಕು, ಅಷ್ಟೇ. ಓಡಿಸಬೇಕಾದದ್ದು ಕೈಯಲ್ಲಿ ಹಿಡಿದ ಕಂಟ್ರೋಲರ್‌ನಿಂದ.

ಬೀರೂರು ದಾಟಿ ರೈಲಿನಲ್ಲಿ ಬಂದ ಕಡೂರಿನ ಹುಡುಗ ಚೀಲದಿಂದ ತನ್ನ ಕಂಟ್ರೋಲರ್ ತೆಗೆಯುತ್ತಾನೆ. ಆಡಿ ಆಡಿ ನುಣುಪಾದ ಪ್ಲಾಸ್ಟಿಕ್ಕು, ಸ್ಟಿಕ್ಕಿನ ರಬ್ಬರು ಸವೆದು ಹೊಳೆಯುತ್ತಿದೆ. ವೈರು ಸಿಕ್ಕಿಸಿದ್ದೇ ತಡ, ಯಾರೂ ಮುಟ್ಟದಿದ್ದರೂ ಹೋರಿ ಎಡಕ್ಕೆ ತೆವಳತೊಡಗುತ್ತದೆ. ಮಕ್ಕಳು ಗೊಳ್ಳೆಂದು ನಗುತ್ತಾರೆ. ಹುಡುಗಿ ಮಾತ್ರ ಪರದೆಯ ಮೂಲೆಯಲ್ಲಿ ಅಂಕಿಗಳನ್ನು ಮೂಡಿಸಿ ನೋಡುತ್ತಾಳೆ. ಸ್ಟಿಕ್ಕನ್ನು ಪೂರ್ತಿ ಎಡಕ್ಕೆ ಒತ್ತಿದರೆ ಮೈನಸ್ 1, ಪೂರ್ತಿ ಬಲಕ್ಕೆ 1, ಬಿಟ್ಟರೆ ಸೊನ್ನೆ ಬರಬೇಕು. ಬರುತ್ತಿರುವುದು ಮೈನಸ್ 0.12. ಸ್ಟಿಕ್ಕು ಎತ್ತ ಎಷ್ಟು ವಾಲಿದೆ ಎಂದು ಅಳೆಯುವ ಒಳಗಿನ ಪುಟ್ಟ ಪೊಟೆನ್ಶಿಯೋಮೀಟರು ಸವೆದಿದೆ. ಸ್ಟಿಕ್ಕು ನಡುವಿಗೆ ಮರಳಿದರೂ ಅದು ಕಳಿಸುವ ಅಂಕಿ ಮರಳುತ್ತಿಲ್ಲ.

“ಹಗ್ಗ ಯಾವಾಗಲೂ ಬಿಗಿ ಹಿಡಿದರೆ ಎತ್ತು ನಡೆಯಲ್ಲ ಕಣೆ,” ಎನ್ನುತ್ತಾರೆ ಗಾಡಿ ಹೊಡೆದು ಹಣ್ಣಾದ ಅಜ್ಜ. “ಒಂದಿಷ್ಟು ಸಡಿಲ ಇರಬೇಕು. ಕೈ ಅದುರಿದ್ದಕ್ಕೆಲ್ಲ ಅದು ತಿರುಗಬಾರದು, ಎಳೆದಾಗ ತಿರುಗಬೇಕು.”

ಪ್ರೋಗ್ರಾಮಿನಲ್ಲಿ ಆ ಸಡಿಲಕ್ಕೆ ಡೆಡ್ ಝೋನ್ ಎನ್ನುತ್ತಾರೆ. ನಡುವಿನ ಸುತ್ತ ಇಷ್ಟು ದೂರದೊಳಗಿನ ಚಲನೆಯನ್ನು ಇಲ್ಲವೆಂದೇ ಎಣಿಸುವುದು. ಮೈಕ್ರೋಸಾಫ್ಟ್, ಆಟಗಳಿಗೆ ಕಂಟ್ರೋಲರನ್ನು ಓದಿಕೊಡುವ ತನ್ನ ಎಕ್ಸ್‌ಇನ್‌ಪುಟ್‌ನಲ್ಲಿ ಎಡ ಸ್ಟಿಕ್ಕಿಗೆ ಸೂಚಿಸಿದ ಸಡಿಲ 32767ರಲ್ಲಿ 7849, ಹೆಚ್ಚುಕಡಿಮೆ ಕಾಲುಭಾಗ. ಹುಡುಗಿ 0.15 ಎಂದು ಬರೆಯುತ್ತಾಳೆ. ತೆವಳಿಕೆ ನಿಂತಿತು. ಆದರೆ ಸ್ಟಿಕ್ಕು ಆ ಗೆರೆ ದಾಟಿದ ಕೂಡಲೇ ಹೋರಿ ಧಡಕ್ಕನೆ ಮುನ್ನುಗ್ಗುತ್ತದೆ. ಹಾಗಾಗಿ ಬಂದ ಅಂಕಿಯಿಂದ 0.15 ಕಳೆದು 0.85ರಿಂದ ಭಾಗಿಸುತ್ತಾಳೆ. ಈಗ 0.2ರಷ್ಟು ಒತ್ತಿದರೆ ಹೋರಿಗೆ ತಲುಪುವುದು ಸುಮಾರು 0.06; ಮೆಲ್ಲಗೆ ಹೆಜ್ಜೆ ಕಿತ್ತು, ಒತ್ತು ಹೆಚ್ಚಿದಂತೆ ನಾಗಾಲೋಟಕ್ಕೆ ಏರುತ್ತದೆ.

ಅಷ್ಟರಲ್ಲಿ ತರೀಕೆರೆಯಿಂದ ಬಸ್ಸಿನಲ್ಲಿ ಬಂದ ತಂಗಿಯ ಸರದಿ. ಅವಳ ಕಂಟ್ರೋಲರು ಬೇರೆ ಕಂಪನಿಯದು. ಹಾರಲೆಂದು ಕೆಳಗಿನ ಬಟನ್ ಒತ್ತುತ್ತಾಳೆ, ಆಟ ನಿಂತೇ ಹೋಗುತ್ತದೆ! ಕಣ್ಣಿಗೆ ಒಂದೇ ಜಾಗದಲ್ಲಿರುವ ಬಟನ್ನು ಒಂದರಲ್ಲಿ 0 ಎಂಬ ಸಂಖ್ಯೆ ಕಳಿಸಿದರೆ ಇನ್ನೊಂದರಲ್ಲಿ ಬೇರೆಯದನ್ನು ಕಳಿಸಬಹುದು. ಪೈಗೇಮ್‌ನ ಬುನಾದಿಯಾದ, ಸ್ಯಾಮ್ ಲಾಂಟಿಂಗಾ 1998ರಲ್ಲಿ ಆರಂಭಿಸಿದ ಎಸ್‌ಡಿಎಲ್‌ನಲ್ಲಿ ಇದಕ್ಕೊಂದು ದಾರಿಯಿದೆ: ಯಾವ ಕಂಟ್ರೋಲರಿನ ಯಾವ ಸಂಖ್ಯೆ ಯಾವ ಬಟನ್ ಎಂಬ ಪಟ್ಟಿ. ಹುಡುಗಿ ಆ ಪಟ್ಟಿಯ ಮೊರೆ ಹೋಗಿ, ತನ್ನ ಸಾಲುಗಳಲ್ಲಿ ಸಂಖ್ಯೆ ಅಳಿಸಿ ‘ಹಾರು’, ‘ನಿಲ್ಲಿಸು’ ಎಂದು ಕೆಲಸದ ಹೆಸರನ್ನೇ ಬರೆಯುತ್ತಾಳೆ.

ಹಾರುವುದರಲ್ಲೂ ಒಂದು ತೊಡಕು. ಆಟ ಸೆಕೆಂಡಿಗೆ 60 ಬಾರಿ, ಅಂದರೆ ಫ್ರೇಮಿಗೊಮ್ಮೆ, ಕೈಯತ್ತ ತಿರುಗಿ ನೋಡುತ್ತದೆ. ನಮ್ಮ ಲೆಕ್ಕಕ್ಕೆ ಒಂದೇ ಒತ್ತು, ಆದರೆ ಬೆರಳು ಮೇಲೇಳುವಷ್ಟರಲ್ಲಿ ಆಟ ಅದನ್ನು ಹಲವು ಫ್ರೇಮುಗಳಲ್ಲಿ ಕಂಡಿರುತ್ತದೆ. ಬಟನ್ನು ಹಿಡಿದೇ ಇದ್ದರೆ ಹೋರಿ ನೆಲ ಮುಟ್ಟಿದೊಡನೆ ಮತ್ತೆ ನೆಗೆಯುತ್ತದೆ. ಹಿಂದಿನ ಫ್ರೇಮಿನಲ್ಲಿ ಒತ್ತಿರಲಿಲ್ಲ, ಈ ಫ್ರೇಮಿನಲ್ಲಿ ಒತ್ತಿದೆ ಎಂದಾದರೆ ಮಾತ್ರ ಹಾರಬೇಕೆಂದು ತಿದ್ದುತ್ತಾಳೆ. ತಂಗಿಗೆ ಇನ್ನೂ ಸಮಾಧಾನವಿಲ್ಲ: “ನಾನು ಒತ್ತಿದ್ದೆ, ಅದು ಹಾರಲೇ ಇಲ್ಲ!” ಒತ್ತಿದ್ದು ನಿಜ, ಹೋರಿಯ ಗೊರಸು ನೆಲಕ್ಕೆ ತಾಗುವ ಕೂದಲೆಳೆಯಷ್ಟು ಮುಂಚೆ. ಅದಕ್ಕೂ ಪರಿಹಾರವಿದೆ. ಬೇಗ ಬಂದ ಒತ್ತನ್ನು ಆರು ಫ್ರೇಮುಗಳ ಕಾಲ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ, ನೆನಪಿಟ್ಟುಕೊಂಡು ಗೊರಸು ತಾಗಿದಾಗ ನಡೆಸಿಕೊಡುವುದು. ಬೆರಳು ಮಾಡಿದ್ದೇನು ಎಂದಷ್ಟೇ ಕೇಳಿದರೆ ಸಾಲದು. ಆಡುವವರ ಮನಸ್ಸಿನಲ್ಲಿ ಇದ್ದದ್ದೇನು ಎಂದೂ ಆಟ ಕೇಳಬೇಕು. ಇಡೀ ಮಧ್ಯಾಹ್ನ ಈ ಪಡಸಾಲೆಯಲ್ಲಿ ನಡೆದಿರುವ ಕೆಲಸ ಇದೇ.

ಕೊನೆಗೆ ಕಂಟ್ರೋಲರ್ ಅಜ್ಜನ ಕೈಗೆ ಬಂತು. ನೇಗಿಲು ಹಿಡಿದು ಮರಗಟ್ಟಿದ ಬೆರಳು. ಒಂದು ಹೆಬ್ಬೆರಳಿನಿಂದ ಸ್ಟಿಕ್ಕು ತಿರುಗಿಸುತ್ತಲೇ ಇನ್ನೊಂದರಿಂದ ಬಟನ್ ಒತ್ತುವುದು ಆಗುತ್ತಿಲ್ಲ. ಇಂಥ ಕೈಗಳಿಗಾಗಿಯೇ ಮೈಕ್ರೋಸಾಫ್ಟ್ 2018ರಲ್ಲಿ ಎರಡು ದೊಡ್ಡ ಒತ್ತುಗುಂಡಿಗಳ, ಕಾಲಿನಿಂದ ಒತ್ತುವ ಸ್ವಿಚ್ಚನ್ನೂ ಜೋಡಿಸಬಹುದಾದ ಅಡಾಪ್ಟಿವ್ ಕಂಟ್ರೋಲರ್ ತಂದಿತು. ಅದು ಈ ಮನೆಯಲ್ಲಿಲ್ಲ. ಇರುವ ಆಟವನ್ನೇ ಬಗ್ಗಿಸಬಹುದಲ್ಲ! ಹುಡುಗಿ ಆಟದ ಮೆನುವಿಗೆ ಮೂರು ಸಾಲು ಸೇರಿಸುತ್ತಾಳೆ: ಸಡಿಲ ಎಷ್ಟಿರಲಿ, ಬೇಗ ಬಂದ ಒತ್ತು ಎಷ್ಟು ಹೊತ್ತು ನೆನಪಿರಲಿ, ಹೋರಿ ತಾನಾಗಿ ಓಡಲೇ. ಮೂರನ್ನೂ ಅಜ್ಜನ ಕೈಗೆ ಹೊಂದಿಸುತ್ತಾಳೆ.

ಹೋರಿ ಓಡಿತು. ಒಂದು ಕಲ್ಲು ದಾಟಿತು, ಇನ್ನೊಂದು ದಾಟಿತು, ಮೂರನೆಯದಕ್ಕೆ ಎಡವಿ ಬಿತ್ತು. “ನಾನೇ ತಡ ಮಾಡಿದೆ,” ಎಂದರು ಅಜ್ಜ. ಆಟ ಬರೆದವಳಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಸಿಗಲಾರದು. ಸೋಲು ಯಂತ್ರದ್ದಲ್ಲ, ತನ್ನದೇ ಎಂದು ಆಡಿದವರಿಗೆ ಅನ್ನಿಸಿದಾಗಲೇ ಗೆಲ್ಲುವ ಆಸೆ ಹುಟ್ಟುವುದು. ಮೊಮ್ಮಕ್ಕಳು ಕಂಟ್ರೋಲರಿಗೆ ಕೈ ಚಾಚಿದರೂ ಅಜ್ಜ ಕೊಡಲಿಲ್ಲ. ಪಂಚೆ ಸರಿಮಾಡಿಕೊಂಡು, ಮಣೆಯ ಹತ್ತಿರಕ್ಕೆ ಸರಿದು ಕೂತರು.