ಅಳಿದಿಲ್ಲ, ಆದರೆ ಕಾಣುತ್ತಿಲ್ಲ

ಕಾಲೇಜೊಂದರ ವಿದ್ಯಾರ್ಥಿಗಳೆಲ್ಲ ಒಂದೇ ಟೇಬಲಿನಲ್ಲಿದ್ದಾರೆ ಅನ್ನಿ: ನೋಂದಣಿ ಸಂಖ್ಯೆ, ಹೆಸರು, ವಿಭಾಗ, ಫೋನು, ಜಾತಿ, ಬಾಕಿ ಶುಲ್ಕ. ಗ್ರಂಥಪಾಲಕರಿಗೆ ಸಂಖ್ಯೆ, ಹೆಸರು ಸಾಕು. ವಾಣಿಜ್ಯ ವಿಭಾಗದ ಮುಖ್ಯಸ್ಥರಿಗೆ ತಮ್ಮ ಮಕ್ಕಳ ಸಾಲುಗಳಷ್ಟೇ ಬೇಕು. ಕೇಳಿದವರಿಗೆಲ್ಲ ಒಂದೊಂದು ಎಕ್ಸೆಲ್ ಪ್ರತಿ ತೆಗೆದುಕೊಡುವುದು ನಮ್ಮ ಕಚೇರಿಗಳ ಹಳೇ ಚಾಳಿ. ನಾಲ್ಕು ದಿನ ಕಳೆದರೆ ಯಾರ ಪ್ರತಿ ಸರಿ ಎಂದು ದೇವರೇ ಹೇಳಬೇಕು.

ಡೇಟಾಬೇಸಿನಲ್ಲಿ ಇದಕ್ಕಿರುವ ಉಪಾಯ ವ್ಯೂ. ನೋಡುವವರ ಕಣ್ಣಿಗೆ ಅದೂ ಟೇಬಲ್ಲೇ. ಆದರೆ ಸಾಮಾನ್ಯ ವ್ಯೂನೊಳಗೆ ಸಾಲುಗಳಿಲ್ಲ. ಹೆಸರಿಟ್ಟು ಉಳಿಸಿದ ಕ್ವೆರಿಯೊಂದಿದೆ, ಅಂದರೆ ಟೇಬಲಿಗೆ ಕೇಳುವ ಪ್ರಶ್ನೆ, ಅಷ್ಟೆ. ‘ವಿಭಾಗ ವಾಣಿಜ್ಯ ಆಗಿರುವವರು ಮಾತ್ರ’ ಎಂಬ ಷರತ್ತನ್ನು ಒಮ್ಮೆ ಬರೆದಿಟ್ಟರೆ, ಕೇಳಿದಾಗಲೆಲ್ಲ ಮೂಲ ಟೇಬಲಿನಿಂದಲೇ ಆ ಹೊತ್ತಿನ ಮಾಹಿತಿ ಬರುತ್ತದೆ.

ಓದುವವರೆಗೆ ಎಲ್ಲ ಸಲೀಸು, ತಕರಾರು ಶುರುವಾಗುವುದು ಬರೆಯಲು ಹೋದಾಗ. ಗುಮಾಸ್ತರು ವಾಣಿಜ್ಯದ ವ್ಯೂ ತೆರೆದು, ಒಬ್ಬ ಹುಡುಗಿಯ ವಿಭಾಗವನ್ನು ‘ವಿಜ್ಞಾನ’ ಎಂದು ತಿದ್ದುತ್ತಾರೆ. ಡೇಟಾಬೇಸು ತುಟಿಪಿಟಕ್ ಎನ್ನದೆ ಒಪ್ಪಿಕೊಳ್ಳುತ್ತದೆ. ಮತ್ತೆ ನೋಡಿದರೆ ಸಾಲೇ ಇಲ್ಲ! ಅದು ಅಳಿದಿಲ್ಲ, ಷರತ್ತಿನಿಂದ ಆಚೆ ಬಿದ್ದಿದೆ. ಗಾಬರಿಯಾಗಿ ಅದೇ ನೋಂದಣಿ ಸಂಖ್ಯೆ ಕೊಟ್ಟು ಹೊಸದಾಗಿ ಸೇರಿಸಲು ಹೋದರೆ, ‘ಈ ಸಂಖ್ಯೆ ಆಗಲೇ ಇದೆ’ ಎಂಬ ಉತ್ತರ. ಎಲ್ಲಿದೆ ಎಂದು ಅವರು ಹುಡುಕುವುದಾದರೂ ಹೇಗೆ?

ಇದನ್ನು ತಡೆಯಲು ವ್ಯೂ ಕಟ್ಟುವಾಗ ಕೊನೆಯಲ್ಲಿ ‘ವಿತ್ ಚೆಕ್ ಆಪ್ಶನ್’ ಸೇರಿಸಬೇಕು. ಆಗ ವ್ಯೂನಿಂದ ಆಚೆ ಜಾರುವ ಯಾವ ತಿದ್ದುಪಡಿಯನ್ನೂ ಅದು ನಿರಾಕರಿಸುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಈ ಸೌಲಭ್ಯ ಬಂದದ್ದು 2014ರ 9.4 ಆವೃತ್ತಿಯಲ್ಲಿ. ತಿದ್ದಲು ಬಿಡುವ ವ್ಯೂಗಳಿಗೆ ಇದನ್ನು ಹಾಕದೆ ಬಿಡುವುದು ಸೋಮಾರಿತನ ಎಂದೇ ನನ್ನ ಎಣಿಕೆ. ಇನ್ನು ಸರಾಸರಿ, ಮೊತ್ತ ತೋರಿಸುವ ವ್ಯೂಗಳನ್ನು ನೇರವಾಗಿ ತಿದ್ದಲಾಗದು. ಸರಾಸರಿಯನ್ನು 60ರಿಂದ 65ಕ್ಕೆ ಏರಿಸಿ ಎಂದರೆ ಯಾರ ಅಂಕ ಏರಿಸಬೇಕು?

ಗುಟ್ಟು ಕಾಪಾಡುವ ಕೆಲಸವೂ ವ್ಯೂನದೇ. ಐಬಿಎಂನ ಚೇಂಬರ್ಲಿನ್, ಗ್ರೇ, ಟ್ರೈಗರ್ 1975ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ವ್ಯೂ ಮತ್ತು ಪರವಾನಗಿ ಜೊತೆಯಾಗಿದ್ದವು. ಗ್ರಂಥಪಾಲಕರಿಗೆ ವ್ಯೂ ಓದುವ ಪರ್ಮಿಶನ್ ಕೊಟ್ಟು, ಮೂಲ ಟೇಬಲಿನದನ್ನು ಕೊಡಬಾರದು. ಎರಡನೆಯದನ್ನು ಮರೆತರೆ ಜಾತಿ, ಫೋನು, ಬಾಕಿ ಎಲ್ಲವೂ ಒಂದೇ ಕ್ವೆರಿಗೆ ಸಿಗುತ್ತವೆ, ವ್ಯೂ ಇದ್ದೂ.