ಪ್ಲೇಯರ್‌ಗೊಂದು ಆಂಪ್ಲಿಫೈಯರ್: ಯಾರಿಗೆ ಬೇಕು, ಯಾರಿಗೆ ಬೇಡ

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರಿಗೆ ಹಾಡೆಂದರೆ 70 ಕಿಲೋಮೀಟರ್ ಕಳೆಯುವ ಉಪಾಯ. ಅವರ ನಡುವೆ ಆಗೊಮ್ಮೆ ಈಗೊಮ್ಮೆ ಒಬ್ಬ ಶೋಕಿಲಾಲ ಸಿಗುತ್ತಾನೆ. ಅವನ ಕೈಯಲ್ಲಿ ಮ್ಯೂಸಿಕ್ ಪ್ಲೇಯರ್, ಅದರ ಬೆನ್ನಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಇನ್ನೊಂದು ಪುಟ್ಟ ಪೆಟ್ಟಿಗೆ, ಎರಡರ ನಡುವೆ ಬೆರಳುದ್ದದ ಕೇಬಲ್. ಆ ಪೆಟ್ಟಿಗೆಯೇ ಹೆಡ್‌ಫೋನ್ ಆಂಪ್ಲಿಫೈಯರ್. ಕೇಳಿದರೆ ‘ಸೌಂಡೇ ಬೇರೆ ಸಾರ್’ ಅನ್ನುತ್ತಾನೆ. ಇರಬಹುದು. ಆದರೆ ಅದು ಅವನ ಕಿವಿಯಲ್ಲಿರುವ ಹೆಡ್‌ಫೋನ್ ಎಷ್ಟು ಓಮಿನದು, ಅಂದರೆ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ, ಎಂಬುದರ ಮೇಲೆ ನಿಂತಿದೆ.

ಗುಬ್ಬಿ ಕಡೆಯ ತೆಂಗಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್‌ವೆಲ್ ಮೋಟರ್ ನೀರನ್ನು ಎಷ್ಟು ಆಳದಿಂದ ಎತ್ತುತ್ತದೆ ಎನ್ನುವುದು ಒಂದು ಲೆಕ್ಕ, ಪೈಪಿನಲ್ಲಿ ಎಷ್ಟು ನೀರು ಬೀಳುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ವೋಲ್ಟೇಜ್, ಎರಡನೆಯದು ಕರೆಂಟ್. 300 ಓಮಿನ ದೊಡ್ಡ ಹೆಡ್‌ಫೋನಿಗೆ ವೋಲ್ಟೇಜ್ ಬೇಕು. 16 ಅಥವಾ 32 ಓಮಿನ ಇಯರ್‌ಫೋನ್ ಕಡಿಮೆ ವೋಲ್ಟೇಜಿನಲ್ಲೇ ಹಾಡುತ್ತದೆ, ಆದರೆ ಕರೆಂಟ್ ಎಳೆಯುತ್ತದೆ.

ಪ್ಲೇಯರ್ ಹೆಚ್ಚೆಂದರೆ 1 ವೋಲ್ಟ್ ಕೊಡುತ್ತದೆ ಅಂದುಕೊಳ್ಳಿ. 32 ಓಮಿಗೆ ಅದರಿಂದ ಸುಮಾರು 31 ಮಿಲಿವ್ಯಾಟ್ ಸಿಗುತ್ತದೆ. ಸಾಮಾನ್ಯ ಇಯರ್‌ಫೋನಿಗೆ ಇಷ್ಟು ಸಿಕ್ಕರೆ ಕಿವಿ ಗುಂಯ್ ಅನ್ನುತ್ತದೆ. 300 ಓಮಿಗೆ ಸಿಗುವುದು ಬರೀ 3.3 ಮಿಲಿವ್ಯಾಟ್. ಅಲ್ಲಿ ತಬಲದ ಒಂದು ಗಟ್ಟಿ ಪೆಟ್ಟು ಬಂದಾಗ ಪ್ಲೇಯರ್ ಸೋತು, ಅಲೆಯ ನೆತ್ತಿ ಕತ್ತರಿಸಿದಂತಾಗಿ ದನಿ ಒಡೆಯಬಹುದು. 5 ವೋಲ್ಟ್ ಕೊಡಬಲ್ಲ ಆಂಪ್ಲಿಫೈಯರ್ ಅದೇ 300 ಓಮಿಗೆ 83 ಮಿಲಿವ್ಯಾಟ್ ತುಂಬುತ್ತದೆ. 1990ರ ದಶಕದ ಕೊನೆಯಲ್ಲಿ ಚು ಮೋಯ್ ಎಂಬ ಹವ್ಯಾಸಿ ಪ್ರಕಟಿಸಿದ ಸರಳ ಸರ್ಕ್ಯೂಟ್ ಜನಪ್ರಿಯವಾದದ್ದು ಈ ಕಾರಣಕ್ಕೇ. ಒಂದು ಚಿಪ್ಪು, 9 ವೋಲ್ಟಿನ ಬ್ಯಾಟರಿ, ಕೈಬೆರಳೆಣಿಕೆಯ ಬಿಡಿಭಾಗಗಳು; ಎಲ್ಲವೂ ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯೊಳಗೆ. ಬೆಸುಗೆ ಹಾಕಲು ಬರುವ ಪಾಲಿಟೆಕ್ನಿಕ್ ಹುಡುಗರು ಒಂದು ಭಾನುವಾರದಲ್ಲಿ ಮಾಡಿಬಿಡಬಹುದು.

ಸಣ್ಣ ಇಯರ್‌ಫೋನಿನವರಿಗೆ ಗಮನಿಸಬೇಕಾದ್ದು ಬೇರೆ. ಪ್ಲೇಯರ್‌ನ ಒಳಗೂ ಒಂದಿಷ್ಟು ಓಮ್ ಇರುತ್ತದೆ. ಒಳಗೆ 10 ಓಮ್, ಕಿವಿಯಲ್ಲಿ 16 ಓಮ್ ಇದ್ದರೆ ವೋಲ್ಟೇಜಿನ ಶೇಕಡಾ 38 ಭಾಗ ಕಿವಿಯನ್ನು ಮುಟ್ಟುವುದೇ ಇಲ್ಲ. ಕೆಲವು ದುಬಾರಿ ಇಯರ್‌ಫೋನುಗಳ ಓಮ್ ಒಂದೊಂದು ಸ್ವರಕ್ಕೆ ಒಂದೊಂದು ಥರ. ಹಾಗಾಗಿ ಕೆಲವು ಸ್ವರ ತಗ್ಗಿ, ಕೆಲವು ಮುಂದೆ ಬಂದು, ಹಾಡಿನ ಬಣ್ಣವೇ ಬದಲಾಗುತ್ತದೆ. ಒಳಗಿನ ಓಮ್ ಹೆಡ್‌ಫೋನಿನ ಎಂಟನೇ ಒಂದು ಭಾಗ ಮೀರದಿದ್ದರೆ ಚಿಂತೆಯಿಲ್ಲ ಎನ್ನುವುದು ಬಲ್ಲವರ ಲೆಕ್ಕ.

ಜೋಡಿಸುವಾಗ ಪ್ಲೇಯರ್‌ನಲ್ಲಿ ‘ಲೈನ್ ಔಟ್’ ಇದ್ದರೆ ಅಲ್ಲಿಂದಲೇ ತೆಗೆಯಿರಿ; ಪ್ಲೇಯರ್‌ನೊಳಗಿನ ಆಂಪ್ಲಿಫೈಯರ್ ದಾರಿಯಲ್ಲಿ ಸಿಗುವುದಿಲ್ಲ. ಇಲ್ಲವೆಂದರೆ ಹೆಡ್‌ಫೋನ್ ತೂತೇ ಗತಿ. ಅದರಿಂದ ಪ್ರಳಯವೇನೂ ಆಗದು. ಪ್ಲೇಯರ್‌ನ ವಾಲ್ಯೂಮನ್ನು ದನಿ ಒಡೆಯದಷ್ಟು ಮೇಲಕ್ಕಿಟ್ಟು, ಹೆಚ್ಚುಕಡಿಮೆ ಮಾಡುವುದನ್ನು ಆಂಪ್ಲಿಫೈಯರ್‌ನಲ್ಲಿ ಮಾಡಿ. ಬ್ಲೂಟೂತ್ ಹೆಡ್‌ಫೋನಿನವರು ಈ ಮಾತನ್ನೆಲ್ಲ ಬಿಟ್ಟುಬಿಡಬಹುದು, ಅದರ ಆಂಪ್ಲಿಫೈಯರ್ ಅದರ ಹೊಟ್ಟೆಯಲ್ಲೇ ಇದೆ.

ಮತ್ತೆ ರೈಲಿಗೆ ಬರೋಣ. ಕಿಟಕಿ ತೆರೆದ ಬೋಗಿಯಲ್ಲಿ ಗಾಲಿಯ ಸದ್ದು, ಕಡಲೆಕಾಯಿ ಮಾರುವವರ ಕೂಗು, ಪಕ್ಕದವರ ರಾಜಕೀಯ. ಇದನ್ನು ಮೀರಿಸಲು ದನಿ ಏರಿಸುವವರು ಒಂದು ವಿಷಯ ತಿಳಿದಿರಬೇಕು. ಶಕ್ತಿಯನ್ನು ದುಪ್ಪಟ್ಟು ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ‘ಒಂಚೂರು ಜಾಸ್ತಿ’. ಕಿವಿಯೊಳಗೆ ಸರಿಯಾಗಿ ಕೂತ ರಬ್ಬರ್ ಟಿಪ್ಪು ಹೊರಗಿನ ಸದ್ದನ್ನು 20 ಡೆಸಿಬೆಲ್ ಆಸುಪಾಸು ತಗ್ಗಿಸಬಲ್ಲದು. ಆಂಪ್ಲಿಫೈಯರ್‌ನಿಂದ ಅಷ್ಟೇ ಅಂತರ ಗಳಿಸಲು 100 ಪಟ್ಟು ಶಕ್ತಿ ಬೇಕು. ಅದನ್ನು ಕಿವಿ ತಡೆಯಬೇಕಲ್ಲ! ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ರೈಲಿನವರಿಗೆ ನನ್ನ ಸಲಹೆ: ದುಡ್ಡನ್ನು ಟಿಪ್ಪಿಗೆ ಹಾಕಿ.

ಹಳೆಯ ರಂಗಗೀತೆಗಳ ಪ್ರಿಯರಿಗೂ ಒಂದು ಮಾತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರಲ್ಲಿ ಇಂಥವರಿಗೆ ಬರವಿಲ್ಲ. ಮೈಕಿನ ಮೂಲಕ ಗ್ರಾಮಫೋನ್ ತಟ್ಟೆಗೆ ಮುದ್ರಿಸುವ ಪದ್ಧತಿ ಬಂದದ್ದೇ 1925ರಲ್ಲಿ. ಅದಕ್ಕೆ ಮುಂಚಿನವರು ಕಹಳೆಯ ಬಾಯಿಗೆ ಹಾಡಿದರು. ಆ ತಟ್ಟೆಯಲ್ಲಿ ದಾಖಲಾಗದ ಸ್ವರವನ್ನು ಯಾವ ಆಂಪ್ಲಿಫೈಯರೂ ಹುಟ್ಟಿಸಲಾರದು, ಅದರ ಕೆರೆತವನ್ನು ಮಾತ್ರ ನಿಷ್ಠೆಯಿಂದ ದೊಡ್ಡದು ಮಾಡುತ್ತದೆ.

ಕುಣಿಗಲ್ ಆಸುಪಾಸಿನ ಹಳ್ಳಿಯೊಂದರಲ್ಲಿ, ರಾತ್ರಿ ಹತ್ತರ ಮೇಲೆ, ದೊಡ್ಡ ಹೆಡ್‌ಫೋನ್ ಹಾಕಿ ಕೂತವರಿಗೆ ಆಂಪ್ಲಿಫೈಯರ್ ನಿಜಕ್ಕೂ ಒದಗುತ್ತದೆ. ಆ ಮೌನದಲ್ಲೇ ಅದರ ಕುಂದೂ ಗೊತ್ತಾಗುತ್ತದೆ. ಸೂಕ್ಷ್ಮ ಇಯರ್‌ಫೋನ್ ಚುಚ್ಚಿದರೆ ಹಾಡು ನಿಂತ ಮೇಲೂ ‘ಸ್ಸ್’ ಎಂಬ ಸದ್ದು ಉಳಿಯಬಹುದು. ದನಿಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ಹೇಳುವ ಗೇನ್ ಸ್ವಿಚ್ಚು ಪೆಟ್ಟಿಗೆಯಲ್ಲಿದ್ದರೆ ಅದನ್ನು ‘ಲೋ’ಗೆ ತಳ್ಳಿ ನೋಡಿ. ‘ಟರ್ರ್ ಟರ್ರ್’ ಎಂದು ಬಿಟ್ಟುಬಿಟ್ಟು ಗುರುಗುಟ್ಟಿದರೆ ಅದು ಪಕ್ಕದಲ್ಲಿಟ್ಟ ಬಟನ್ ಫೋನಿನ ಕೆಲಸ. 2ಜಿ ಫೋನ್ ಮಾತಾಡುವಾಗ ಸೆಕೆಂಡಿಗೆ 217 ಸಲ ತುಂಡುತುಂಡಾಗಿ ರೇಡಿಯೊ ಅಲೆ ಎಸೆಯುತ್ತದೆ, ಪ್ಲೇಯರ್ ಮತ್ತು ಆಂಪ್ಲಿಫೈಯರ್ ನಡುವಿನ ಕೇಬಲ್ಲು ಅದನ್ನು ಆಂಟೆನಾದಂತೆ ಹಿಡಿಯುತ್ತದೆ. ಫೋನನ್ನು ಎರಡಡಿ ದೂರ ಸರಿಸಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.