ಜುಲೈ ೪: ಒಂದೇ ತಾರೀಖಿನ ಹಲವು ಮುಖಗಳು

ನಮ್ಮ ಪಂಚಾಂಗಕ್ಕೂ ಗೋಡೆಗೆ ತೂಗುಹಾಕುವ ಕ್ಯಾಲೆಂಡರಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಪಂಚಾಂಗದ ದಿನಕ್ಕೆ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳು. ಪ್ರತಿಯೊಂದು ದಿನಕ್ಕೂ ತನ್ನದೇ ಗುಣದೋಷಗಳಿವೆಯೆಂಬ ನಂಬಿಕೆ. ಕ್ಯಾಲೆಂಡರಿನ ತಾರೀಖಾದರೋ ಬರಿಯ ಅಂಕಿ. ಆದರೂ ಇತಿಹಾಸದ ಪುಟಗಳನ್ನು ತಿರುವುತ್ತ ಹೋದಂತೆ, ಕೆಲವು ತಾರೀಖುಗಳ ಮೇಲೆ ಕಾಲಪುರುಷನು ಮತ್ತೆ ಮತ್ತೆ ಬೆರಳಿಟ್ಟಿದ್ದಾನೆಯೋ ಎಂಬ ಭ್ರಮೆಯುಂಟಾಗುತ್ತದೆ. ಅಂಥ ದಿನಗಳಲ್ಲಿ ಜುಲೈ ೪ ಅಗ್ರಗಣ್ಯವಾದುದು.

ಎರಡೋ, ನಾಲ್ಕೋ?

ಜುಲೈ ೪ ಎಂದೊಡನೆ ನೆನಪಾಗುವುದು ಅಮೆರಿಕದ ಸ್ವಾತಂತ್ರ್ಯೋತ್ಸವ. ಆದರೆ ಆ ದೇಶವು ಬ್ರಿಟನ್ನಿನ ಸಂಬಂಧವನ್ನು ಕಡಿದುಕೊಳ್ಳುವ ನಿರ್ಣಯವನ್ನು ಅಂಗೀಕರಿಸಿದುದು ಆ ದಿನವಲ್ಲ! ಫಿಲಡೆಲ್ಫಿಯ ನಗರದಲ್ಲಿ ಸೇರಿದ್ದ ವಸಾಹತುಗಳ ಪ್ರತಿನಿಧಿಗಳು ಆ ನಿರ್ಣಯವನ್ನು ಕೈಗೊಂಡದ್ದು ೧೭೭೬ರ ಜುಲೈ ೨ರಂದು. ಮುಂದಿನ ತಲೆಮಾರುಗಳು ಜುಲೈ ೨ನ್ನೇ ಮಹೋತ್ಸವವಾಗಿ ಆಚರಿಸುವುವೆಂದು ಜಾನ್ ಆಡಮ್ಸರು ಮರುದಿನವೇ ತಮ್ಮ ಪತ್ನಿಗೆ ಬರೆದರು. ಜುಲೈ ೪ರಂದು ನಡೆದುದು ಥಾಮಸ್ ಜೆಫರ್ಸನ್ನರು ರಚಿಸಿದ ಸ್ವಾತಂತ್ರ್ಯ ಘೋಷಣೆಯ ಪಾಠಕ್ಕೆ ಒಪ್ಪಿಗೆ. ಬಹುಪಾಲು ಸದಸ್ಯರು ಅದಕ್ಕೆ ಸಹಿ ಹಾಕಿದ್ದಂತೂ ಆಗಸ್ಟ್ ೨ರಂದು. ಆದರೆ ಅಚ್ಚಾಗಿ ಊರೂರಿಗೆ ಹೋದ ಘೋಷಣೆಯ ಮೇಲೆ ಇದ್ದ ತಾರೀಖು ಜುಲೈ ೪. ಜನ ಕಂಡದ್ದು ಅದನ್ನು. ಜನ ಉಳಿಸಿಕೊಂಡದ್ದೂ ಅದನ್ನೇ.

ಐವತ್ತನೆಯ ವರ್ಷದ ಆ ದಿನ

ಆಡಮ್ಸ್ ಮತ್ತು ಜೆಫರ್ಸನ್ ಇಬ್ಬರೂ ಘೋಷಣೆಯ ಕರಡು ಸಮಿತಿಯ ಸದಸ್ಯರು. ಜೆಫರ್ಸನ್ನರದು ಲೇಖನಿ, ಆಡಮ್ಸರದು ವಾಗ್ಬಲ. ಮುಂದೆ ಆಡಮ್ಸರು ದೇಶದ ಎರಡನೆಯ ಅಧ್ಯಕ್ಷರಾದರು, ಜೆಫರ್ಸನ್ನರು ಮೂರನೆಯವರಾದರು. ೧೮೦೦ರ ಚುನಾವಣೆಯ ಕಹಿಯಲ್ಲಿ ಈ ಸ್ನೇಹ ಮುರಿದುಬಿತ್ತು. ಅನೇಕ ವರ್ಷ ಮಾತುಕತೆಯಿಲ್ಲ. ಕಡೆಗೆ ಇಬ್ಬರಿಗೂ ಮಿತ್ರರಾಗಿದ್ದ ವೈದ್ಯ ಬೆಂಜಮಿನ್ ರಷ್‌ರ ಪ್ರಯತ್ನದಿಂದ ೧೮೧೨ರಲ್ಲಿ ಮತ್ತೆ ಪತ್ರವ್ಯವಹಾರ ಮೊದಲಾಯಿತು. ಅಲ್ಲಿಂದಾಚೆಗೆ ಹದಿನಾಲ್ಕು ವರ್ಷ ಆ ವೃದ್ಧರಿಬ್ಬರೂ ಧರ್ಮ, ರಾಜನೀತಿ, ಮುಪ್ಪು, ಮರಣಗಳನ್ನು ಕುರಿತು ಬರೆದುಕೊಂಡ ಪತ್ರಗಳು ಆ ದೇಶದ ಅಮೂಲ್ಯ ಸಂಪತ್ತು.

೧೮೨೬ರ ಜುಲೈ ೪. ಘೋಷಣೆಗೆ ಐವತ್ತು ವರ್ಷ ತುಂಬಿದ ದಿನ. ವರ್ಜೀನಿಯದ ಮಾಂಟಿಸೆಲೋ ಮನೆಯಲ್ಲಿ ಮರಣಶಯ್ಯೆಯ ಮೇಲಿದ್ದ ೮೩ ವರ್ಷದ ಜೆಫರ್ಸನ್ನರು, ನಾಲ್ಕನೆಯ ತಾರೀಖು ಬಂದಿತೇ ಎಂದು ಹಿಂದಿನ ರಾತ್ರಿಯೇ ವಿಚಾರಿಸಿದ್ದರು. ನಡುಹಗಲು ಕಳೆದು ಒಂದು ಗಂಟೆಯೊಳಗೆ ಅವರ ಉಸಿರು ನಿಂತಿತು. ಅದೇ ಸಂಜೆ ಬಹುದೂರದ ಮ್ಯಾಸಚೂಸೆಟ್ಸಿನ ಕ್ವಿನ್ಸಿಯಲ್ಲಿ ೯೦ ವರ್ಷದ ಆಡಮ್ಸರೂ ಕಣ್ಮುಚ್ಚಿದರು. ಜೆಫರ್ಸನ್ ಇನ್ನೂ ಬದುಕಿದ್ದಾರೆಂಬ ಅರ್ಥದ ಮಾತು ಅವರ ಕೊನೆಯ ಮಾತುಗಳಲ್ಲೊಂದೆಂದು ಪ್ರತೀತಿ. ತಂತಿ ಸಮಾಚಾರವಿಲ್ಲದ ಕಾಲ. ಗೆಳೆಯನು ಕೆಲವೇ ಗಂಟೆಗಳ ಮುಂಚೆ ತೀರಿಕೊಂಡ ಸಂಗತಿ ಅವರಿಗೆ ತಿಳಿಯುವಂತಿರಲಿಲ್ಲ.

ದೇಶಕ್ಕೆ ದೇಶವೇ ಬೆರಗಾಯಿತು. ಆಗ ಅಧ್ಯಕ್ಷರಾಗಿದ್ದವರು ಆಡಮ್ಸರ ಪುತ್ರರೇ ಆದ ಜಾನ್ ಕ್ವಿನ್ಸಿ ಆಡಮ್ಸ್. ಇದರಲ್ಲಿ ದೈವಾನುಗ್ರಹದ ಗುರುತನ್ನು ಕಂಡುದಾಗಿ ಅವರು ದಿನಚರಿಯಲ್ಲಿ ಬರೆದರು. ಐದು ವರ್ಷಗಳ ತರುವಾಯ, ೧೮೩೧ರ ಜುಲೈ ೪ರಂದೇ ಐದನೆಯ ಅಧ್ಯಕ್ಷ ಜೇಮ್ಸ್ ಮನ್ರೋ ಅವರೂ ನಿಧನರಾದಾಗ ಈ ನಂಬಿಕೆ ಮತ್ತಷ್ಟು ಬಲವಾಯಿತು.

ಅದೇ ಮನೆಯ ಅಂಗಳದಲ್ಲಿ

ಆದರೆ ದೈವಾನುಗ್ರಹವು ಎಲ್ಲರ ಕಣ್ಣಿಗೂ ಒಂದೇ ಬಗೆಯಾಗಿ ಕಾಣಬೇಕಲ್ಲವೇ? ಮಾನವರೆಲ್ಲರೂ ಸಮಾನರೆಂದು ಬರೆದ ಜೆಫರ್ಸನ್ನರು ತಮ್ಮ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು. ಉಯಿಲಿನಲ್ಲಿ ಅವರು ಬಿಡುಗಡೆ ಮಾಡಿದ್ದು ಐವರನ್ನು ಮಾತ್ರ. ಅವರು ಬಿಟ್ಟುಹೋದ ಸಾಲವೋ ಒಂದು ಲಕ್ಷ ಡಾಲರಿಗೂ ಮೀರಿದುದು. ಅದನ್ನು ತೀರಿಸಲು ೧೮೨೭ರ ಜನವರಿಯಲ್ಲಿ ಮಾಂಟಿಸೆಲೋದಲ್ಲಿ ಹರಾಜು ನಡೆಯಿತು. ಮನೆಯ ಪೀಠೋಪಕರಣ, ದನಕರುಗಳೊಡನೆ ೧೩೦ ಮಂದಿ ಗುಲಾಮರನ್ನೂ ಹರಾಜಿಗಿಟ್ಟರು. ಗಂಡ ಹೆಂಡಿರು, ತಾಯಿ ಮಕ್ಕಳು ಬೇರೆ ಬೇರೆ ಯಜಮಾನರ ಪಾಲಾದರು. ದೇಶವೆಲ್ಲ ಕೊಂಡಾಡಿದ ಆ ಮರಣ ಅವರ ಪಾಲಿಗೆ ಸಿಡಿಲಾಗಿ ಎರಗಿತ್ತು.

ಅದೇ ವರ್ಷದ ಜುಲೈ ೪ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಆದರೂ ಅಲ್ಲಿನ ಅನೇಕ ಕಪ್ಪು ಜನರು ಮರುದಿನ, ಜುಲೈ ೫ರಂದು ಮೆರವಣಿಗೆ ಹೊರಟರು. ನಾಲ್ಕನೆಯ ತಾರೀಖು ಇನ್ನೂ ತಮ್ಮದಾಗಿಲ್ಲವೆಂಬ ನೋವನ್ನು ಹೇಳಲು ಇದಕ್ಕಿಂತ ಸ್ಪಷ್ಟವಾದ ಭಾಷೆ ಬೇಕೇ?

ಕಾಶ್ಮೀರದ ಬಾವುಟ, ಬೇಲೂರಿನ ಸಂಜೆ

ಈ ತಾರೀಖು ನಮ್ಮ ನಾಡಿನ ಕಥೆಯೊಳಗೂ ಹಾದುಹೋಗಿದೆ. ೧೮೯೨ರಲ್ಲಿ ಪರಿವ್ರಾಜಕರಾಗಿ ಮೈಸೂರಿಗೆ ಬಂದ ತರುಣ ಸಂನ್ಯಾಸಿಯೊಬ್ಬರನ್ನು ದಿವಾನ್ ಶೇಷಾದ್ರಿ ಅಯ್ಯರ್ ಅವರು ಆದರಿಸಿದರು. ಮಹಾರಾಜ ಚಾಮರಾಜೇಂದ್ರ ಒಡೆಯರು ಅವರ ವಾಕ್ಯಗಳಿಗೆ ಮನಸೋತರು. ಮರುವರ್ಷ ಷಿಕಾಗೊ ಸರ್ವಧರ್ಮ ಸಮ್ಮೇಳನದಲ್ಲಿ ಜಗದ್ವಿಖ್ಯಾತರಾದ ಸ್ವಾಮಿ ವಿವೇಕಾನಂದರೇ ಅವರು. ೧೮೯೪ರ ಜೂನಿನಲ್ಲಿ ಷಿಕಾಗೊದಿಂದ ಮಹಾರಾಜರಿಗೆ ಅವರು ಬರೆದ ಪತ್ರದಲ್ಲಿ ಭಾರತದ ಬಡಜನರ ಉದ್ಧಾರವೇ ಮುಖ್ಯ ವಿಷಯ.

೧೮೯೮ರ ಜುಲೈ ೪ರಂದು ಸ್ವಾಮಿಗಳು ಅಮೆರಿಕದ ಶಿಷ್ಯೆಯರೊಡನೆ ಕಾಶ್ಮೀರದಲ್ಲಿದ್ದರು. ಆ ಶಿಷ್ಯೆಯರನ್ನು ಸಂತೋಷಪಡಿಸಲೆಂದು, ಸ್ಥಳೀಯ ದರ್ಜಿಯೊಬ್ಬನಿಂದ ನಕ್ಷತ್ರ ಪಟ್ಟೆಗಳ ಅಮೆರಿಕನ್ ಬಾವುಟವನ್ನು ಗುಟ್ಟಾಗಿ ಹೊಲಿಸಿದರು. ದೋಣಿಯನ್ನು ಹಸಿರು ಕೊಂಬೆಗಳಿಂದ ಸಿಂಗರಿಸಿದರು. ಆ ದಿನವನ್ನೇ ಸಂಬೋಧಿಸಿ ಇಂಗ್ಲಿಷಿನಲ್ಲಿ ಒಂದು ಕವಿತೆಯನ್ನೂ ರಚಿಸಿ ಓದಿಸಿದರು. ಪರಾಧೀನ ದೇಶದ ಸಂನ್ಯಾಸಿ ಪರದೇಶದ ಸ್ವಾತಂತ್ರ್ಯವನ್ನು ಹಾಡಿ ಹರಸಿದ ಪ್ರಸಂಗವಿದು.

ಸರಿಯಾಗಿ ನಾಲ್ಕು ವರ್ಷ ಕಳೆಯಿತು. ೧೯೦೨ರ ಜುಲೈ ೪ರಂದು ಗಂಗಾತೀರದ ಬೇಲೂರು ಮಠದಲ್ಲಿ (ಇದು ನಮ್ಮ ಹೊಯ್ಸಳರ ಬೇಲೂರಲ್ಲ) ಸ್ವಾಮಿಗಳು ಬ್ರಹ್ಮಚಾರಿಗಳಿಗೆ ಸಂಸ್ಕೃತ ವ್ಯಾಕರಣ ಪಾಠ ಹೇಳಿದರು, ಸಂಜೆ ತಿರುಗಾಡಿ ಬಂದರು, ಧ್ಯಾನಕ್ಕೆ ಕುಳಿತರು. ರಾತ್ರಿ ಒಂಬತ್ತು ದಾಟಿದ ಸ್ವಲ್ಪ ಹೊತ್ತಿಗೆ ದೇಹವನ್ನು ಬಿಟ್ಟರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಕಾಶ್ಮೀರದಲ್ಲಿ ಆ ಬಾವುಟ ಹಾರಿದ ದಿನವೇ, ೧೮೯೮ರ ಅದೇ ಜುಲೈ ೪ರಂದು, ಸಿಯಾಲ್‌ಕೋಟಿನಲ್ಲಿ ಗುಲ್ಜಾರಿಲಾಲ್ ನಂದಾ ಜನಿಸಿದರು. ೧೯೬೪ರಲ್ಲಿ ನೆಹರೂ ತೀರಿಕೊಂಡಾಗ, ೧೯೬೬ರಲ್ಲಿ ಶಾಸ್ತ್ರೀಜಿ ತೀರಿಕೊಂಡಾಗ, ಎರಡು ಬಾರಿಯೂ ಸ್ವಲ್ಪಕಾಲ ಹಂಗಾಮಿ ಪ್ರಧಾನಿಯಾಗಿ ರಾಜ್ಯಭಾರದ ನೊಗ ಹೊತ್ತವರು ಅವರೇ.

ಇನ್ನೊಂದು ಬಾವುಟದ ಮಾತೂ ಇಲ್ಲಿ ಬರುತ್ತದೆ. ೧೯೨೧ರಲ್ಲಿ ವಿಜಯವಾಡದಲ್ಲಿ ಗಾಂಧೀಜಿಯವರಿಗೆ ರಾಷ್ಟ್ರಧ್ವಜದ ಮಾದರಿಯೊಂದನ್ನು ಒಪ್ಪಿಸಿದ ಆಂಧ್ರದ ಪಿಂಗಳಿ ವೆಂಕಯ್ಯನವರು ಬಡತನದಲ್ಲಿ ಕಡೆಗಾಲವನ್ನು ಕಳೆದು ನಿಧನರಾದುದು ೧೯೬೩ರ ಜುಲೈ ೪ರಂದು. ರಾಷ್ಟ್ರಧ್ವಜ ತಯಾರಿಕೆಗೆ ಹೆಸರಾದ ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರವನ್ನು ಬಲ್ಲ ನಮ್ಮವರು ಅವರನ್ನು ನೆನೆಯಬೇಕಾದುದು ನ್ಯಾಯ.

ವಿಜ್ಞಾನದ ಜುಲೈ ೪

೧೯೩೪ರ ಜುಲೈ ೪ರಂದು ಫ್ರಾನ್ಸಿನ ಪರ್ವತಪ್ರಾಂತದ ಆರೋಗ್ಯಧಾಮದಲ್ಲಿ ಮದಾಂ ಕ್ಯೂರಿ ತೀರಿಕೊಂಡರು. ಪೊಲೋನಿಯಂ, ರೇಡಿಯಂ ಧಾತುಗಳನ್ನು ಲೋಕಕ್ಕೆ ತೋರಿಸಿಕೊಟ್ಟು, ೧೯೦೩ರಲ್ಲಿ ಭೌತವಿಜ್ಞಾನಕ್ಕೂ ೧೯೧೧ರಲ್ಲಿ ರಸಾಯನವಿಜ್ಞಾನಕ್ಕೂ ನೊಬೆಲ್ ಪಾರಿತೋಷಕ ಪಡೆದ ಮಹಾತಾಯಿ ಆಕೆ. ದೇಹದಲ್ಲಿ ರಕ್ತವು ಹುಟ್ಟದಂತಾಗುವ ರೋಗ ಅವರನ್ನು ಬಲಿತೆಗೆದುಕೊಂಡಿತು; ವರ್ಷಗಟ್ಟಲೆ ವಿಕಿರಣದ ನಡುವೆ ದುಡಿದುದರ ಫಲವದು. ಅವರ ಟಿಪ್ಪಣಿ ಪುಸ್ತಕಗಳು ಇಂದಿಗೂ ವಿಕಿರಣವನ್ನು ಸೂಸುತ್ತಿವೆ.

೨೦೧೨ರ ಜುಲೈ ೪ರಂದು ಜಿನೀವಾದ ಸರ್ನ್ ಪ್ರಯೋಗಶಾಲೆಯು ಹಿಗ್ಸ್ ಬೋಸಾನಿನ ಲಕ್ಷಣಗಳುಳ್ಳ ಹೊಸ ಕಣವನ್ನು ಕಂಡುದಾಗಿ ಪ್ರಕಟಿಸಿತು. ೧೯೬೪ರಲ್ಲಿ ಅದನ್ನು ಊಹಿಸಿದವರಲ್ಲಿ ಒಬ್ಬರಾದ ಪೀಟರ್ ಹಿಗ್ಸ್ ಸಭೆಯಲ್ಲಿದ್ದು ಕಣ್ಣೊರಸಿಕೊಂಡರು. ಬೋಸಾನ್ ಎಂಬ ಹೆಸರಿನೊಳಗಿರುವುದು ನಮ್ಮ ಸತ್ಯೇಂದ್ರನಾಥ ಬೋಸರ ಹೆಸರು.

ಗಣಿತವೇನು ಹೇಳುತ್ತದೆ?

ಗೊತ್ತಾದ ಒಂದೇ ತಾರೀಖಿನಲ್ಲಿ ಇಬ್ಬರು ಸಾಯುವ ಸಂಭವ ಸಾಮಾನ್ಯ ಲೆಕ್ಕದಲ್ಲಿ ೧,೩೩,೨೨೫ರಲ್ಲಿ ಒಂದು. ಆದರೆ ವರ್ಷಕ್ಕಿರುವುದು ೩೬೫ ದಿನಗಳೇ. ಹುಟ್ಟಿ ಸಾಯುವವರು ಅಸಂಖ್ಯರು. ಹುಡುಕಹೊರಟರೆ ಯಾವ ತಾರೀಖೂ ಬರಿದಾಗಿ ಸಿಗದು. ರಾಮಕೃಷ್ಣ ಸಂಘದವರು ವಿವೇಕಾನಂದರ ಜಯಂತಿಯನ್ನು ಪುಷ್ಯ ಬಹುಳ ಸಪ್ತಮಿಯಂದು ಆಚರಿಸುತ್ತಾರೆ. ಸರಕಾರ ಜನವರಿ ೧೨ರಂದು ರಾಷ್ಟ್ರೀಯ ಯುವದಿನವೆಂದು ಆಚರಿಸುತ್ತದೆ. ಎಣಿಕೆ ಬೇರೆಯಾದರೂ ಸ್ಮರಣೆ ಒಂದೇ. ತಾರೀಖಿಗೆ ಸ್ವಂತದ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಆ ದಿನ ಯಾರನ್ನು ನೆನೆಯುತ್ತೇವೆ, ಯಾರನ್ನು ಮರೆಯುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ. ಮುಂದಿನ ಜುಲೈ ೪ರಂದು ಮಾಂಟಿಸೆಲೋದ ಒಡೆಯರನ್ನು ನೆನೆಯುವವರು, ಅವರ ಅಂಗಳದಲ್ಲಿ ಹರಾಜಾದ ಆ ೧೩೦ ಮಂದಿಯನ್ನೂ ನೆನೆಯಲಿ.